ಅಕ್ಷರದ ಲೆಕ್ಕ ಬಿಟ್ಟು ಸ್ಟಿಚ್ ಲೆಕ್ಕಕ್ಕೆ ಬರುತ್ತಿದ್ದೇವೆ

ನಮಸ್ಕಾರ,

ಮುಂದಿನ ತಿಂಗಳಿಂದ ಮೊನೊಗ್ರಾಮ್ ಕೆಲಸಕ್ಕೆ, ಅಂದರೆ ಬಟ್ಟೆ ಮೇಲೆ ಹೆಸರಿನ ಅಕ್ಷರಗಳ ಎಂಬ್ರಾಯ್ಡರಿಗೆ, 'ಅಕ್ಷರಕ್ಕೆ ಇಷ್ಟು' ಅಂತ ರೇಟ್ ಹೇಳುವುದನ್ನು ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಬಿಲ್‌ನಲ್ಲಿ ಎರಡು ಸಾಲು ಇರುತ್ತವೆ. ಮೊದಲನೆಯದು ಡಿಜಿಟೈಸಿಂಗ್, ಅಂದರೆ ನಿಮ್ಮ ಚಿತ್ರವನ್ನು ಹೊಲಿಗೆ ಫೈಲ್ ಮಾಡುವ ಕೆಲಸ. ಅದು ಒಂದು ಡಿಸೈನಿಗೆ ಒಂದೇ ಸಲ. ಎರಡನೆಯದು ಬಟ್ಟೆಯ ಮೇಲೆ ಬೀಳುವ ಸ್ಟಿಚ್‌ಗಳ ಲೆಕ್ಕ. ಕೆಲವರಿಗೆ ಬಿಲ್ ಕಮ್ಮಿ ಆಗುತ್ತದೆ, ಕೆಲವರಿಗೆ ಜಾಸ್ತಿ. ಜಾಸ್ತಿ ಆಗುವವರು ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಗೊತ್ತು. ಅದಕ್ಕೇ ಈ ಪತ್ರ.

ಶುರುವಿನಿಂದ ಜೊತೆಗಿರುವವರಿಗೆ ಅಕ್ಷರದ ಲೆಕ್ಕ ಹೇಗೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಆಗ ಬರುತ್ತಿದ್ದದ್ದೆಲ್ಲ ಸಾದಾ ಮೂರಕ್ಷರ. ಈಗ ಅಕ್ಷರದ ಸುತ್ತ ಬಳ್ಳಿ ಬೇಕು, ಬಳ್ಳಿಗೆ ಹೂ ಬೇಕು, ಅದರ ಹೊರಗೆ ಇನ್ನೊಂದು ಉಂಗುರ ಬೇಕು. ಬೇಡ ಅನ್ನುತ್ತಿಲ್ಲ. ಸಲೂನಿನ ಏಪ್ರನ್ ಮೇಲೆ, ಕ್ಲಿನಿಕ್‌ನ ಕೋಟಿನ ಮೇಲೆ ಅಂಥ ಮೊನೊಗ್ರಾಮ್ ಕೂತಾಗ ಅಂಗಡಿಗೇ ಒಂದು ಕಳೆ ಬರುತ್ತದೆ. ನಮಗೂ ಅದನ್ನು ಹೊಲಿಯೋದು ಇಷ್ಟ. ಆದರೆ ಸಾದಾ ಮೂರಕ್ಷರಕ್ಕೆ ಸುಮಾರು 2,500 ಸ್ಟಿಚ್ ಸಾಕು. ಅದೇ ಮೂರಕ್ಷರಕ್ಕೆ ಬಳ್ಳಿ, ಉಂಗುರ ಸೇರಿದರೆ 12,000 ದಾಟುತ್ತದೆ. ಎರಡಕ್ಕೂ ಒಂದೇ ರೇಟ್ ಹಾಕುತ್ತಿದ್ದೆವು. ಅಂದರೆ ಸಾದಾ ಕೆಲಸ ಕೊಟ್ಟವರು ಇಷ್ಟು ದಿನ ಬಳ್ಳಿಯವರ ಖರ್ಚನ್ನೂ ಹೊತ್ತಿದ್ದಾರೆ. ಅವರು ಒಂದು ಮಾತೂ ಆಡಲಿಲ್ಲ. ಅವರಲ್ಲಿ ಮೊದಲು ಕ್ಷಮೆ ಕೇಳುತ್ತೇವೆ.

ಈಗ ನಾವು ದಿನಾ ಕೇಳುವ ಮಾತಿಗೆ ಬರೋಣ. 'ಹೊಲಿಯೋದು ಮಿಷನ್ ಅಲ್ವಾ? ನೀವು ಬಟನ್ ಒತ್ತೋದು ತಾನೇ?'

ಹೌದು, ಬಟನ್ ಒತ್ತುತ್ತೇವೆ. ಅದಕ್ಕೆ ಮುಂಚೆ ಏನಾಗುತ್ತದೆ ಅಂತ ಒಂದು ಸಲ ಹೇಳಿಬಿಡುತ್ತೇವೆ. ನೀವು ಕಳಿಸುವ ಜೆಪಿಜಿ ಮಿಷನ್‌ಗೆ ಅರ್ಥವಾಗುವುದಿಲ್ಲ. ಅದಕ್ಕೆ ಡಿಎಸ್‌ಟಿ ಅಥವಾ ಪಿಇಎಸ್ ಥರದ ಫೈಲ್ ಬೇಕು. ಅದರೊಳಗೆ ಚಿತ್ರ ಇರುವುದಿಲ್ಲ. ಸೂಜಿ ಇಲ್ಲಿ ಇಳಿಯಬೇಕು, ಆಮೇಲೆ ಅಲ್ಲಿ, ಇಲ್ಲಿ ದಾರ ಕತ್ತರಿಸಬೇಕು ಅನ್ನುವ ಸಾವಿರಾರು ಸೂಚನೆ ಮಾತ್ರ ಇರುತ್ತವೆ. ಅದನ್ನು ತಾನೇ ಮಾಡಿಕೊಡುವ ಸಾಫ್ಟ್‌ವೇರ್ ಇದೆ, ನಿಜ. ಆದರೆ ಅದು ಮಾಡಿದ್ದನ್ನು ಹಾಗೇ ಹೊಲಿದರೆ ಕೆಲಸ ಹೇಗೆ ಕೆಡುತ್ತದೆ ಅಂತ ಒಮ್ಮೆ ನೋಡಿದವರಿಗೆ ನಾವು ಹೇಳುವುದೇನೂ ಉಳಿದಿಲ್ಲ.

ಒಂದು ಅಕ್ಷರವನ್ನೇ ತಗೊಳ್ಳಿ. ಅಲಂಕಾರದ ಬರಹದಲ್ಲಿ ಒಂದೇ ಗೆರೆ ಒಂದು ಕಡೆ ಕೂದಲೆಳೆ, ಇನ್ನೊಂದು ಕಡೆ ಬೆರಳು ದಪ್ಪ. ಮಿರುಗುವ ಸ್ಯಾಟಿನ್ ಸ್ಟಿಚ್ ಗೆರೆಯ ಈ ಅಂಚಿನಿಂದ ಆ ಅಂಚಿಗೆ ಹಾರುತ್ತದೆ. 1 ಮಿಲಿಮೀಟರ್‌ಗಿಂತ ಸಣ್ಣ ಗೆರೆಯಲ್ಲಿ ಹಾರುವುದಕ್ಕೆ ಜಾಗವೇ ಇಲ್ಲ. ಸೂಜಿ ಹೊಡೆದ ಜಾಗಕ್ಕೇ ಹೊಡೆದು ಬಟ್ಟೆ ತೂತಾಗುತ್ತದೆ. 7-8 ಮಿಲಿಮೀಟರ್ ದಾಟಿದರೆ ದಾರ ಉದ್ದವಾಗಿ ಸಡಿಲ ನಿಲ್ಲುತ್ತದೆ, ಉಂಗುರಕ್ಕೋ ಬಳೆಗೋ ಸಿಕ್ಕಿ ಕಿತ್ತು ಬರುತ್ತದೆ. ಹಾಗಾಗಿ ಒಂದೇ ಅಕ್ಷರದಲ್ಲಿ ಸಣ್ಣ ಕಡೆ ಬರೀ ಒಂದೆಳೆಯ ಓಡು ಹೊಲಿಗೆ, ನಡುವೆ ಸ್ಯಾಟಿನ್, ದಪ್ಪ ಕಡೆ ಉದ್ದ ದಾರವನ್ನು ನಡುವೆ ಚುಚ್ಚಿ ತುಂಡು ಮಾಡಿದ ಒಡೆದ ಹೊಲಿಗೆ ಅಂತ ಕೈಯಲ್ಲೇ ಕೂಡಿಸಬೇಕು. ಅದಕ್ಕಿಂತ ಮೊದಲು, ಮೇಲೆ ಕಾಣದ ಒಂದು ತಳ ಹೊಲಿಗೆ ಹಾಕಬೇಕು. ಇಲ್ಲದಿದ್ದರೆ ಸ್ಯಾಟಿನ್ ಬಟ್ಟೆಯೊಳಗೆ ಮುಳುಗುತ್ತದೆ.

ಇನ್ನೊಂದು ತಮಾಷೆ ಇದೆ. ದಾರ ಬಟ್ಟೆಯನ್ನು ಎಳೆಯುತ್ತದೆ. ಹೊಲಿಗೆ ಹೋಗುವ ದಿಕ್ಕಿನಲ್ಲಿ ಬಟ್ಟೆ ಕುಗ್ಗುತ್ತದೆ, ಅಡ್ಡ ದಿಕ್ಕಿಗೆ ಉಬ್ಬುತ್ತದೆ. ಸ್ಕ್ರೀನ್ ಮೇಲೆ ದುಂಡಗಿರುವ ಉಂಗುರ ಬಟ್ಟೆ ಮೇಲೆ ಮೊಟ್ಟೆ ಆಗುತ್ತದೆ. ಅದಕ್ಕೆ ನಾವು ಬೇಕೆಂದೇ ಸ್ಕ್ರೀನ್ ಮೇಲೆ ಸೊಟ್ಟಗೆ ಬರೆಯುತ್ತೇವೆ. ಎಷ್ಟು ಸೊಟ್ಟ ಅನ್ನುವುದು ಶರ್ಟಿನ ಬಟ್ಟೆಗೆ ಒಂದು, ಟೀ ಶರ್ಟಿಗೆ ಇನ್ನೊಂದು. ಸ್ಯಾಂಪಲ್ ಹೊಲಿದು, ನೋಡಿ, ತಿದ್ದಿ, ಮತ್ತೆ ಹೊಲಿದ ಮೇಲೆ ಬಟನ್.

ಒತ್ತಕ್ಷರ ಇರುವ ಹೆಸರುಗಳದ್ದಂತೂ ಬೇರೆಯೇ ಕತೆ. 'ಕ್ಷ್ಮೀ' ಅನ್ನುವ ಅಕ್ಷರ 10 ಮಿಲಿಮೀಟರ್ ಎತ್ತರದಲ್ಲಿ ಬೇಕು ಅನ್ನುತ್ತೀರಿ. ಕೆಳಗಿನ ಒತ್ತಿಗೆ ಉಳಿಯುವುದು ಮೂರೋ ನಾಲ್ಕೋ ಮಿಲಿಮೀಟರ್. ನಾವು ಬಳಸುವ 40 ನಂಬರ್ ದಾರ ಬಟ್ಟೆ ಮೇಲೆ ಕೂತಾಗ ಸುಮಾರು 0.4 ಮಿಲಿಮೀಟರ್ ಅಗಲ ತಿನ್ನುತ್ತದೆ. ಒತ್ತಿನ ಸುರುಳಿಯೊಳಗಿನ ಕಿಂಡಿ ಮುಚ್ಚಿ ಹೋಗಿ ಒಂದು ಗಂಟಿನ ಥರ ಕಾಣುತ್ತದೆ. 60 ನಂಬರ್ ದಾರ, ಸಣ್ಣ ಸೂಜಿ ಹಾಕಿದರೆ ಸ್ವಲ್ಪ ತೆರೆಯುತ್ತದೆ. (ನಂಬರ್ ಜಾಸ್ತಿ ಆದಷ್ಟೂ ದಾರ ಸಣ್ಣ. ಇದು ಎಲ್ಲರಿಗೂ ಉಲ್ಟಾ ಅನ್ನಿಸುತ್ತದೆ.) ಆದರೂ ಒಂದು ಮಿತಿ ಇದೆ. ಯಾವ ಲಿಪಿಯೇ ಆಗಲಿ, 5 ಮಿಲಿಮೀಟರ್‌ಗಿಂತ ಕಮ್ಮಿ ಎತ್ತರದ ಅಕ್ಷರಕ್ಕೆ ಸಾಮಾನ್ಯ ದಾರದಲ್ಲಿ ನಾವು ಒಪ್ಪುವುದಿಲ್ಲ.

'ಡಿಸೈನ್ ನಾವೇ ಡೌನ್‌ಲೋಡ್ ಮಾಡಿ ತಂದಿದ್ದೀವಿ' ಅನ್ನುವವರಿಗೂ ಒಂದು ಮಾತು. ಮೊನ್ನೆ ಟವೆಲ್ ಮೂಲೆಗೆ ಅಂತ ಮಾಡಿದ 10 ಸೆಂಟಿಮೀಟರ್ ಡಿಸೈನ್ ಬಂತು. ಶರ್ಟಿನ ಜೇಬಿಗೆ 5 ಸೆಂಟಿಮೀಟರ್ ಮಾಡಿಕೊಡಿ, ಸುಮ್ನೆ ಚಿಕ್ಕದು ಮಾಡೋದಲ್ವಾ ಅಂದರು. ಸ್ಟಿಚ್ ಫೈಲನ್ನು ಹಾಗೇ ಅರ್ಧಕ್ಕೆ ಇಳಿಸಿದರೆ ಅಷ್ಟೂ ಸ್ಟಿಚ್ ಕಾಲು ಭಾಗ ಜಾಗದಲ್ಲಿ ತುಂಬಿಕೊಳ್ಳುತ್ತವೆ. ಹಾಗೇ ಹೊಲಿದು ನೋಡಿದಾಗ ಜೇಬು ರಟ್ಟಿನ ಥರ ನಿಂತಿತು, ದಾರ ಮೂರು ಸಲ ಕಡಿಯಿತು. ನೂರಕ್ಕೆ ಹತ್ತರಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಅದಕ್ಕಿಂತ ಜಾಸ್ತಿ ಅಂದರೆ ಹೊಸದಾಗೇ ಮಾಡಬೇಕು. ಇನ್ನೊಂದು, ಕೊಂಡು ತಂದ ಡಿಸೈನಿಗೆ ಲೈಸೆನ್ಸ್ ಇರುತ್ತದೆ. ಹೊಲಿದ ಬಟ್ಟೆ ಮಾರಲು ಬಿಡುವವರಿದ್ದಾರೆ, ಸ್ವಂತಕ್ಕೆ ಮಾತ್ರ ಅನ್ನುವವರೂ ಇದ್ದಾರೆ. ವ್ಯಾಪಾರಕ್ಕೆ ಬಳಸುವವರು ದಯವಿಟ್ಟು ಅದನ್ನು ಓದಿಕೊಂಡು ಬನ್ನಿ.

'ದಾರಕ್ಕೆ ಏನು ಮಹಾ ಖರ್ಚು' ಅನ್ನುವುದು ನಿಜವೇ. ನಮ್ಮ ಖರ್ಚಿನಲ್ಲಿ ದಾರ ಚಿಕ್ಕದು, ದೊಡ್ಡದು ಹೊತ್ತು. ಮಿಷನ್ ನಿಮಿಷಕ್ಕೆ 1,000 ಸ್ಟಿಚ್ ಹೊಲಿಯುತ್ತದೆ ಅಂತ ಅದರ ಮೇಲೆ ಬರೆದಿದೆ. ಸಣ್ಣ ಅಕ್ಷರಕ್ಕೆ ಆ ವೇಗ ಕೊಟ್ಟರೆ ಅಂಚು ನಡುಗುತ್ತದೆ. ನಾವು 650ರ ಹತ್ತಿರ ಓಡಿಸುತ್ತೇವೆ. ಹಾಗೆ ನೋಡಿದರೆ ಸಾದಾ ಮೂರಕ್ಷರ ನಾಲ್ಕು ನಿಮಿಷ, ಬಳ್ಳಿ ಇರುವುದು ಹದಿನೆಂಟು ನಿಮಿಷ. ನಮ್ಮದು ಒಂದೇ ಹೆಡ್ ಇರುವ ಮಿಷನ್, ಒಂದು ಸಲಕ್ಕೆ ಒಂದೇ ಬಟ್ಟೆ. ಇಪ್ಪತ್ತು ಏಪ್ರನ್‌ಗೆ ಬಳ್ಳಿ ಹಾಕಿದರೆ ಹೊಲಿಗೆಗೇ ಆರು ಗಂಟೆ ಹೋಯಿತು. ಪ್ರತಿ ಸಲ ಬಟ್ಟೆ ಬಿಗಿ ಹಿಡಿಯುವ ಹೂಪ್ ಹಾಕುವುದು, ನೇರ ಇದೆಯಾ ಅಂತ ನೋಡುವುದು, ಕೆಳಗಿನ ದಾರದ ಬಾಬಿನ್ ಬದಲಿಸುವುದು, ಬಟ್ಟೆಯ ಹಿಂದೆ ಆಧಾರಕ್ಕೆ ಇಟ್ಟ ಬ್ಯಾಕಿಂಗ್ ಹಾಳೆ ಕತ್ತರಿಸುವುದು ಇದರಲ್ಲಿ ಸೇರಿಲ್ಲ.

ಬ್ಯಾಕಿಂಗ್ ಅಂದಾಗ ನೆನಪಾಯಿತು. ಒಪ್ಪಿಕೊಳ್ಳಬೇಕಾದ ತಪ್ಪೊಂದಿದೆ. ಹೋದ ಸೀಸನ್‌ನಲ್ಲಿ ಟೀ ಶರ್ಟ್ ಆರ್ಡರ್ ಕೊಟ್ಟ ಕೆಲವರ ಬಟ್ಟೆ ಒಗೆದ ಮೇಲೆ ಅಕ್ಷರದ ಸುತ್ತ ಸುಕ್ಕಾಯಿತು. ಅದು ಬಟ್ಟೆಯ ದೋಷ ಅಂತ ನಾವು ವಾದ ಮಾಡಿದೆವು. ತಪ್ಪು ನಮ್ಮದೇ. ಎಳೆದರೆ ಹಿಗ್ಗುವ ಬಟ್ಟೆಗೆ ಕೊನೆವರೆಗೂ ಹಿಂದೆ ಉಳಿಯುವ ಕಟ್‌ಅವೇ ಬ್ಯಾಕಿಂಗ್ ಬೇಕು. ಅವಸರಕ್ಕೆ ಹರಿದು ತೆಗೆಯುವ ಟೇರ್‌ಅವೇ ಹಾಕಿದ್ದೆವು. ಇನ್ನೂ ಆ ಶರ್ಟ್ ಇಟ್ಟುಕೊಂಡಿರುವವರು ಒಂದು ಫೋಟೋ ಕಳಿಸಿ. ಸ್ಯಾಟಿನ್ ಬಿಚ್ಚಿದರೆ ಸೂಜಿ ಗುರುತು ಉಳಿಯುತ್ತದೆ, ಹಾಗಾಗಿ ರಿಪೇರಿ ಆಗಲ್ಲ. ಅಷ್ಟೇ ಸೈಜಿನ ಹೊಸ ಶರ್ಟ್ ಮೇಲೆ, ನಮ್ಮ ಖರ್ಚಿನಲ್ಲಿ ಹೊಲಿದು ಕೊಡುತ್ತೇವೆ.

ಇನ್ನು ಫೈಲ್ ವಿಷಯ. ಇಷ್ಟು ದಿನ ನೀವು ಕೇಳಿದರೂ ಫೈಲ್ ಕೊಡುತ್ತಿರಲಿಲ್ಲ, ಬೇರೆ ಕಡೆ ಹೋಗುತ್ತೀರಿ ಅನ್ನುವ ಭಯ. ಸಣ್ಣತನವೇ ಅದು. ಇನ್ನು ಡಿಜಿಟೈಸಿಂಗ್‌ಗೆ ದುಡ್ಡು ಕೊಟ್ಟವರಿಗೆ ಡಿಎಸ್‌ಟಿ ಫೈಲ್ ಕೊಡುತ್ತೇವೆ, ಯಾವ ದಾರ, ಯಾವ ಬಟ್ಟೆಗೆ ಮಾಡಿದ್ದು ಅಂತ ಚೀಟಿಯ ಸಮೇತ. ಎಲ್ಲಿ ಬೇಕಾದರೂ ಹೊಲಿಸಿ. ಹಳೆಯ ಗ್ರಾಹಕರ ಡಿಸೈನ್‌ಗಳು ನಮ್ಮಲ್ಲಿ ಈಗಾಗಲೇ ಫೈಲ್ ಆಗಿವೆ. ಅವಕ್ಕೆ ಮತ್ತೆ ಚಾರ್ಜ್ ಇಲ್ಲ.

ನಿಮ್ಮ ಬಟ್ಟೆ ನೀವೇ ತರುವುದಾದರೆ ಸ್ಯಾಂಪಲ್ ಹೊಲಿಯಲು ಒಂದು ಪೀಸ್ ಜಾಸ್ತಿ ತನ್ನಿ, ಅಥವಾ ಅದೇ ಬಟ್ಟೆಯ ತುಂಡು ಆದರೂ ಸರಿ.

ಈಗಾಗಲೇ ಕೊಟ್ಟಿರುವ ಆರ್ಡರ್ ಎಲ್ಲ ಹಳೆಯ ರೇಟಿನಲ್ಲೇ ಮುಗಿಯುತ್ತವೆ. ನಿಮ್ಮ ಡಿಸೈನಿಗೆ ಎಷ್ಟು ಸ್ಟಿಚ್ ಅಂತ ತಿಳಿಯಬೇಕಿದ್ದರೆ ಕೇಳಿ, ಎಣಿಕೆ ತೋರಿಸುತ್ತೇವೆ. ಬಳ್ಳಿಯಲ್ಲಿ ನಾಲ್ಕು ಎಲೆ ಬಿಟ್ಟರೆ ಎಷ್ಟು ಇಳಿಯುತ್ತದೆ ಅಂತಲೂ ಹೇಳುತ್ತೇವೆ. ಎಷ್ಟೋ ಸಲ ಆ ನಾಲ್ಕು ಎಲೆ ಇಲ್ಲದೇನೇ ಚೆನ್ನಾಗಿ ಕಾಣುತ್ತದೆ.

ಇಂತಿ,
ನಿಮ್ಮ ಎಂಬ್ರಾಯ್ಡರಿಯವರು