ಪಾಟಿಚೀಲ ಯಾರ ಮಾತು?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬರು, ಮುಂಬೈ ಮಕ್ಕಳ ಕನ್ನಡ ಕೆಟ್ಟುಹೋಗಿದೆ, ಅರ್ಧಕ್ಕರ್ಧ ಮರಾಠಿಯೇ ಆಗಿದೆ ಎಂದು ಬರೆದಿದ್ದರು. ಆ ಮಕ್ಕಳಿಗೆ ಪಾಠ ಹೇಳುವವಳು ನಾನು. ಅದಕ್ಕೇ ಈ ಕಾಗದ.

ನನಗೀಗ 47 ವರ್ಷ. ಧಾರಾವಿ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 21 ವರ್ಷದಿಂದ ಟೀಚರ್. ಈ ಸಲ ಕಲೀನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ.ಗೆ ಸೇರುತ್ತಿದ್ದೇನೆ. ಮಗ ನಗುತ್ತಾನೆ. ಬಡ್ತಿ ಸಿಗುತ್ತದಾ ಎಂದು ನಾದಿನಿ ಕೇಳಿದಳು. ಸಿಗುವುದಿಲ್ಲ. ಇದಕ್ಕೆಲ್ಲ ಕಾರಣ ಒಂದು ಪಾಟಿಚೀಲ.

ನಮ್ಮದು ಕಾಪು ಕಡೆ, ಮನೆಮಾತು ತುಳು. ಅಪ್ಪ ಮುಂಬೈಯ ಫೋರ್ಟಿನಲ್ಲಿ ಹೋಟೆಲ್ ಕೆಲಸದಲ್ಲಿದ್ದರು. ಅಂದರೆ ನಾನು ಕನ್ನಡ ಕಲಿತದ್ದು ಶಾಲೆಯಲ್ಲಿ, ಅದೂ ಇದೇ ಊರಿನಲ್ಲಿ. ಈಗ ನನ್ನ ತರಗತಿಯ ಮಕ್ಕಳ ಊರು ಹೆಚ್ಚಾಗಿ ಕಲಬುರಗಿ, ಯಾದಗಿರಿ, ವಿಜಯಪುರ. ಒಂದು ಬೆಂಚು 'ಅದ' ಅನ್ನುತ್ತದೆ, ಹಿಂದಿನ ಬೆಂಚು 'ಐತಿ'. ಮಹಾರಾಷ್ಟ್ರ ಸರಕಾರದ ಬಾಲಭಾರತಿ ಪಠ್ಯಪುಸ್ತಕದಲ್ಲಿ 'ಇದೆ'. ಟೀಚರನ್ನು ಮರಾಠಿ ಶಾಲೆಯವರ ಹಾಗೆ 'ಬಾಯಿ' ಎಂದು ಕರೆಯುತ್ತಾರೆ. "ಬಾಯೀ, ಇವನ ಬಾಯಿ ಮುಚ್ಚಸ್ರೀ" ಎಂದು ದೂರು ಬಂದ ದಿನ ನಕ್ಕು ನಕ್ಕು ಸಾಕಾಯಿತು.

ಮೂರನೆಯ ತರಗತಿಯ ಹುಡುಗಿಯೊಬ್ಬಳು "ನನ್ನ ಪಾಟಿಚೀಲ ಹರದದ" ಎಂದು ಬರೆದಿದ್ದಳು. 'ಪಾಟಿ' ಮರಾಠಿ, 'ಶಾಲೆಯ ಚೀಲ' ಎಂದು ಬರೆ ಅಂತ ಕೆಂಪು ಗೀಟು ಎಳೆದೆ. ಮರುದಿನ ಅವಳ ತಾಯಿ ಕಟ್ಟಡದ ಕೆಲಸಕ್ಕೆ ಹೋಗುವ ಮುಂಚೆ ಬಂದಳು. ಕೈಯಲ್ಲಿ ಬುತ್ತಿ ಡಬ್ಬಿ. "ಬಾಯಾರ, ನಮ್ಮಜ್ಜನೂ ಪಾಟೀನೇ ಅಂತಿದ್ದ. ಅಂವ ಬೊಂಬಾಯಿ ನೋಡೇ ಇಲ್ಲರಿ" ಎಂದಳು. ಜಗಳಕ್ಕೆ ಬಂದವಳಲ್ಲ, ಸುಮ್ನೆ ಹೇಳಿ ಹೋದಳು. ನಾನು ಮಾತ್ರ ಅವತ್ತಿಡೀ ಸರಿಯಾಗಿ ಪಾಠ ಮಾಡಲಿಲ್ಲ.

ಮರಾಠಿಯಲ್ಲೂ ಸ್ಲೇಟಿಗೆ ಪಾಟಿಯೇ. ಯಾರಿಂದ ಯಾರಿಗೆ ಹೋಯಿತು? 21 ವರ್ಷದಲ್ಲಿ ಇಂಥ ಎಷ್ಟು ಮಾತಿಗೆ ಗೀಟು ಹಾಕಿರಬಹುದು? ನಮ್ಮ ಕರಾವಳಿಯ 'ಬಟಾಟೆ', 'ಚಾವಿ' ಎರಡೂ ಪೋರ್ಚುಗೀಸರಿಂದ ಬಂದವು. ಅವಕ್ಕೆ ನಾನು ಒಂದು ದಿನವೂ ಗೀಟು ಹಾಕಲಿಲ್ಲ. ನನ್ನ ಊರಿನವು ಅಲ್ವಾ!

ಇನ್ನು ಮರಾಠಿಯವರ 'ತೂಪ್' ನಮ್ಮ ತುಪ್ಪ. ಅವರ 'ಅಡಕಿತ್ತಾ' ನಮ್ಮ ಅಡಕತ್ತರಿ. ಇದರಿಂದ ಮರಾಠಿ ಕೆಟ್ಟಿತೆಂದು ನಮ್ಮ ಕೆಳಗಿನ ಮಹಡಿಯ ಮರಾಠಿ ಟೀಚರ್ ಅತ್ತದ್ದನ್ನು ನಾನು ಕಂಡಿಲ್ಲ. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬುಡದಲ್ಲಿ, ಇದನ್ನು ಮಾಡಿಸಿದ್ದು ಚಾವುಂಡರಾಯ ಎಂಬುದನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಕನ್ನಡದಲ್ಲಿ 'ಮಾಡಿಸಿದಂ', ಮರಾಠಿಯಲ್ಲಿ 'ಕರವಿಯಲೇಂ'. ನೆರೆಹೊರೆ ಅಷ್ಟು ಹಳೆಯದು.

ಪರೀಕ್ಷೆಯಲ್ಲಿ 'ಇದೆ' ಎಂದೇ ಬರೆಯಬೇಕು, ಅದನ್ನು ಕಲಿಸುತ್ತೇನೆ. ಆದರೆ ಗೀಟು ಎಳೆಯುವ ಮುಂಚೆ ಆ ಮಾತು ಎಲ್ಲಿಂದ ಬಂತು ಎಂದು ತಿಳಿಯಬೇಕು. ಎಂ.ಎ. ಅದಕ್ಕೇ. ಕುರ್ಲಾ ಸ್ಟೇಷನ್ನಿನಿಂದ ಬಸ್ಸು ಹಿಡಿದು, ಮಗನ ವಯಸ್ಸಿನವರ ಜೊತೆ ಕೂತು ನೋಟ್ಸ್ ಬರೆಯುವುದನ್ನು ನೆನೆದರೆ ಸ್ವಲ್ಪ ಹೆದರಿಕೆಯೂ ಇದೆ.

ಓದುಗರಲ್ಲಿ ಒಂದು ಬೇಡಿಕೆ. ಕನ್ನಡವೋ ಮರಾಠಿಯೋ ಎಂದು ಗೊತ್ತಾಗದ ಮಾತು ನಿಮ್ಮ ಮನೆಯಲ್ಲಿದ್ದರೆ ಈ ಅಂಕಣಕ್ಕೆ ಬರೆಯಿರಿ. ಯಾರ ಬಾಯಲ್ಲಿ ಕೇಳಿದ್ದು, ಅವರ ಊರು ಯಾವುದು ಎಂಬುದೂ ಇರಲಿ. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಹತ್ತಿರ ಇಂಥವು ಜಾಸ್ತಿ ಇರುತ್ತವೆ.

ಕಳೆದ ವಾರ ಬರೆದವರೂ ಬರೆಯಲಿ. ತಾವು ಮುಂಬೈಗೆ ಬಂದು "ಬರೋಬ್ಬರಿ 30 ವರ್ಷ" ಆಯಿತು ಎಂದಿದ್ದರು. ಆ 'ಬರೋಬ್ಬರಿ'ಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಿಟ್ಟುಕೊಂಡಿದ್ದೇನೆ.

— ಒಬ್ಬ ಟೀಚರ್, ಸಾಯನ್, ಮುಂಬೈ