ಶನಿವಾರ ಐರನ್‌ಬ್ರಿಡ್ಜ್‌ಗೆ ಬರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಶನಿವಾರ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಐರನ್‌ಬ್ರಿಡ್ಜ್‌ ಊರಿಗೆ ಹೋಗುವುದು ಖಾತ್ರಿ. ಸೆವೆರ್ನ್ ನದಿಯ ಮೇಲಿನ ಆ ಕಬ್ಬಿಣದ ಸೇತುವೆ ಎದ್ದು ನಿಂತದ್ದು 1779ರಲ್ಲಿ. 1934ರಿಂದ ವಾಹನ ಬಿಡುವುದಿಲ್ಲ, ಆರಾಮಾಗಿ ನಡೆದು ದಾಟಬಹುದು. ಫೋಟೊ ತೆಗೆದು ಸುಮ್ನೆ ವಾಪಸ್ ಬರಬೇಡಿ. ಕಮಾನಿನ ಜೋಡಣೆ ಹತ್ತಿರದಿಂದ ನೋಡಿ. ಬಡಗಿಗಳು ಮರ ಕೂಡಿಸುವ ಹಾಗೆ ಒಂದರ ತೂತಿನಲ್ಲಿ ಇನ್ನೊಂದನ್ನು ತೂರಿಸಿ, ಬೆಣೆ ಹೊಡೆದಿದ್ದಾರೆ. ಆಗ ಇಷ್ಟು ದೊಡ್ಡ ಕಬ್ಬಿಣದ ಸೇತುವೆ ಕಟ್ಟಿ ಗೊತ್ತಿದ್ದವರು ಯಾರಿದ್ದರು, ಅಲ್ವಾ?

ಹಿಂದೆ ಸೇತುವೆ ದಾಟುವವರಿಂದ ಸುಂಕ ವಸೂಲು ಮಾಡುತ್ತಿದ್ದ ಸುಂಕದ ಮನೆಯ ದರಪಟ್ಟಿಯನ್ನೂ ಓದಿ. ಸೈನಿಕರಿಗಷ್ಟೇ ಅಲ್ಲ, ರಾಜಮನೆತನಕ್ಕೂ ರಿಯಾಯಿತಿ ಇರಲಿಲ್ಲ! ನನಗೆ ಸೇತುವೆಗಿಂತ ಅದೇ ಇಷ್ಟ.

ಊರಲ್ಲಿ ಏರು ಜಾಸ್ತಿ, ಒಳ್ಳೆ ಶೂ ಹಾಕಿಕೊಳ್ಳಿ. ಬುತ್ತಿ ಅವರವರದ್ದೇ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ.