ತಾಳೆಗರಿ ಕಟ್ಟಿನ ಜೊತೆಗೆ ಒಂದು ದತ್ತಿಯನ್ನೂ ಕೊಡಿ

ಮಾನ್ಯ ಸಂಪಾದಕರೇ,

ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲೇ ಈ ಪತ್ರ ನಿಮ್ಮ ಕೈಸೇರಲಿ ಅಂತ ಬರೆಯುತ್ತಿದ್ದೇನೆ. ಜೂನ್ ಬಂತೆಂದರೆ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ, ಡಬ್ಬಿಯಲ್ಲಿನ ಉಪ್ಪು ನೀರೊಡೆಯುತ್ತದೆ, ಗೋಡೆಗೆ ಬೂಷ್ಟು ಹತ್ತುತ್ತದೆ. ಊರೂರಿನ ಪುಟ್ಟ ವಸ್ತುಸಂಗ್ರಹಾಲಯಗಳಿಗೆ ಆ ನಾಲ್ಕು ತಿಂಗಳು ಕಳೆಯುವುದೇ ಕಷ್ಟ.

ನಾನು ನಿವೃತ್ತ ಕನ್ನಡ ಶಿಕ್ಷಕಿ. ಬಿಡುವಾದಾಗ ಹತ್ತಿರದ ಒಂದು ಸಣ್ಣ ಸಂಗ್ರಹಾಲಯಕ್ಕೆ ಹೋಗಿ ತಾಳೆಗರಿ ಶುಚಿ ಮಾಡುವುದಕ್ಕೆ ಕೈಜೋಡಿಸುತ್ತೇನೆ. ಹಳೇ ಮನೆಗಳ ಅಟ್ಟದಿಂದ ಬಂದ ಕಟ್ಟುಗಳು ಅವು. ಮೊದಲು ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಬೇಕು. ಆಮೇಲೆ ಮಜ್ಜಿಗೆ ಹುಲ್ಲಿನ (ಲೆಮನ್‌ಗ್ರಾಸ್) ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒಂದೊಂದೇ ಗರಿ ಒರೆಸಬೇಕು. ಆ ಎಣ್ಣೆಯ ವಾಸನೆಗೆ ಹುಳ ಹತ್ತಿರ ಸುಳಿಯುವುದಿಲ್ಲ. ಅಕ್ಷರ ಮಾಸಿದ್ದರೆ ಮಸಿ ಕಲಸಿ ಗರಿಯ ಮೇಲೆ ಸವರಿ ಒರೆಸುತ್ತೇವೆ. ಕೊರೆದ ಗೆರೆಯೊಳಗೆ ಮಾತ್ರ ಕಪ್ಪು ನಿಲ್ಲುತ್ತದೆ. ಬರೀ ಗರಿ ಅಂದುಕೊಂಡಿದ್ದರ ಮೇಲೆ ಸಾಲುಸಾಲು ಬರಹ ಎದ್ದು ಬರುತ್ತದೆ. ಒಂದರಲ್ಲಿ ದನದ ಕಾಯಿಲೆಗೆ ಔಷಧಿ, ಇನ್ನೊಂದರಲ್ಲಿ ಯಕ್ಷಗಾನದ ಪ್ರಸಂಗ.

ಕಡತದ ಪಾಡು ಇನ್ನೂ ನಾಜೂಕು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಮಾಡಿ, ಬಳಪದಲ್ಲಿ ಬರೆದ ಮಡಿಕೆ ಪುಸ್ತಕ ಅದು. ಒದ್ದೆ ಕೈ ತಾಗಿದರೂ ಸಾಕು, ಯಾರದೋ ತೋಟದ ಲೆಕ್ಕ ಅಳಿಸಿಯೇ ಹೋಗುತ್ತದೆ. ಅಂಥ ಕಡತ ಇಟ್ಟ ಕಪಾಟಿನ ಮೇಲೆ ಹೋದ ಮಳೆಗಾಲದಲ್ಲಿ ಹೆಂಚು ಸರಿದು ನೀರು ತೊಟ್ಟಿಕ್ಕಿತು. ಹೆಂಚು ಸರಿಮಾಡಿಸಲು ದುಡ್ಡಿರಲಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿ ಸೆಪ್ಟೆಂಬರ್ ತನಕ ಕಾದೆವು.

ದಾನ ಕೊಡುವವರು ನಮ್ಮಲ್ಲಿ ಕಡಿಮೆ ಅಂತ ನಾನು ಹೇಳಲಾರೆ. ಕರ್ನಲ್ ವಿ.ಆರ್. ಮಿರಜ್‌ಕರ್ ಅವರು ತಾಯಿಯ ನೆನಪಿಗಾಗಿ ಮಂಗಳೂರಿನ ಬಿಜೈಯಲ್ಲಿದ್ದ ತಮ್ಮ ಕಟ್ಟಡವನ್ನೇ ಸರ್ಕಾರಕ್ಕೆ ಕೊಟ್ಟರು. ಅದೇ 1960ರಲ್ಲಿ ಜನರಿಗೆ ತೆರೆದ ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯ. ಕೆಳದಿಯ ಗುಂಡಾ ಜೋಯಿಸರು ತಮ್ಮ ಮನೆತನದ ಓಲೆಗರಿ, ಕಾಗದಪತ್ರಗಳಿಂದಲೇ ಒಂದು ಸಂಗ್ರಹಾಲಯ ಕಟ್ಟಿದರು. ರಾಮನಗರದ ಜಾನಪದ ಲೋಕದ ಹಿಂದೆ ಎಚ್.ಎಲ್. ನಾಗೇಗೌಡರ ದುಡಿಮೆ ಎಷ್ಟಿತ್ತು ಅನ್ನುವುದು ಎಲ್ಲರಿಗೂ ಗೊತ್ತು. ಇವರೆಲ್ಲ ನಮ್ಮ ಪಾಲಿಗೆ ದೊಡ್ಡವರು.

ನನ್ನ ಕಳವಳ ಆಮೇಲಿನ ದಿನಗಳದ್ದು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಕಪಾಟಿಗೂ ಸಿಗುತ್ತಾರೆ. ಅದರ ಮೇಲೆ ಹೆಸರು ಬರೆಸುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎಣ್ಣೆ, ಹತ್ತಿ, ಬಟ್ಟೆ, ಕರೆಂಟು ಬಿಲ್ಲು, ಬಾಗಿಲು ತೆಗೆದು ಕಸ ಗುಡಿಸುವವರ ಸಂಬಳ, ಇವಕ್ಕೆ ಯಾರು ಕೊಡುತ್ತಾರೆ? ಹಿಂದಿನವರು ಇದನ್ನು ಯೋಚಿಸಿದ್ದರು. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆ ಅಂತ ಗದ್ದೆ, ತೋಟ ಬಿಟ್ಟುಕೊಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಮಾಡಿಸಲು ಕೊಟ್ಟ ದತ್ತಿ ಅದು. ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ ಅಂತಲೂ ಬರೆಸಿದ್ದಾರೆ. ಗುಡಿ ಕಟ್ಟಿಸಿದ ಮಾತ್ರಕ್ಕೆ ಕೆಲಸ ಮುಗಿಯಿತು ಅಂತ ಅವರು ತಿಳಿಯಲಿಲ್ಲ.

ಈಗಲೂ ಆ ದಾರಿ ಇದೆ ಅಲ್ವಾ? ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಅಪ್ಪ ಅಮ್ಮನ ಹೆಸರಲ್ಲಿ ದತ್ತಿ ಇಟ್ಟು ಉಪನ್ಯಾಸ ನಡೆಸುವವರು ಎಷ್ಟೋ ಮಂದಿ. ಅದೇ ರೀತಿ ಊರಿನ ಸಂಗ್ರಹಾಲಯದ ಹೆಸರಲ್ಲಿ 1 ಲಕ್ಷ ರೂಪಾಯಿ ಠೇವಣಿ ಇಟ್ಟು, ಶೇ 6.5ರ ಬಡ್ಡಿ ಸಿಕ್ಕರೆ ವರ್ಷಕ್ಕೆ 6,500 ರೂಪಾಯಿ ಬರುತ್ತದೆ. ಮಳೆಗಾಲಕ್ಕೆ ಮೊದಲು ಹೆಂಚು ಕೈಯಾಡಿಸಲು, ಎಣ್ಣೆ ಹತ್ತಿ ತರಲು ಅದು ದೊಡ್ಡ ಆಸರೆ. ಒಬ್ಬರಿಗೆ ಭಾರವಾದರೆ ಹತ್ತು ಮನೆಯವರು ಸೇರಿ ಇಡಬಹುದು.

ದಾನಕ್ಕೆ ತೆರಿಗೆ ವಿನಾಯಿತಿ ಕೊಡಿಸುವ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಸಂಸ್ಥೆಗೆ ಇದ್ದರೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಆ ವಿನಾಯಿತಿಯೂ ಸಿಗುತ್ತದೆ. 2,000 ರೂಪಾಯಿಗಿಂತ ಜಾಸ್ತಿ ಕೊಡುವುದಾದರೆ ನಗದು ಬೇಡ, ಬ್ಯಾಂಕ್ ಮೂಲಕವೇ ಕೊಡಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಗಳಿಗೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಪರಂಪರೆ, ಕಲೆಗಳ ರಕ್ಷಣೆಯೂ ಇದೆ. ಸಂಗ್ರಹಾಲಯದವರು ಸಂಕೋಚಪಡದೆ ಹೋಗಿ ಕೇಳಬೇಕು. ಬಂದ ದುಡ್ಡಿನ ಲೆಕ್ಕವನ್ನು ಬಾಗಿಲ ಬಳಿ ಬೋರ್ಡಿನಲ್ಲಿ ಹಾಕಲೇಬೇಕು. ಲೆಕ್ಕ ಕಂಡರೆ ಕೊಡುವವರಿಗೆ ಧೈರ್ಯ ಬರುತ್ತದೆ.

ಹಳೇ ಮನೆ ಕೆಡವಿ ಹೊಸ ಮನೆ ಕಟ್ಟುವವರಲ್ಲಿ ನನ್ನದೊಂದು ಬೇಡಿಕೆ. ಅಟ್ಟದ ಮೇಲಿನ ಕಟ್ಟುಗಳನ್ನು ಸಂಗ್ರಹಾಲಯಕ್ಕೆ ಕೊಡಿ, ಅವನ್ನು ನೋಡಿಕೊಳ್ಳಲು ಕೈಲಾದಷ್ಟು ದತ್ತಿಯನ್ನೂ ಜೊತೆಗಿಡಿ. ಸಂಪಾದಕರೇ, ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೊಮ್ಮೆ ಒಂದು ಪುಟ್ಟ ಸಂಗ್ರಹಾಲಯದ ಪರಿಚಯ ಹಾಕಿ. ಅಲ್ಲಿ ಏನಿದೆ, ಯಾವಾಗ ಬಾಗಿಲು ತೆರೆದಿರುತ್ತದೆ, ಈಗ ಅವರಿಗೆ ಏನು ಬೇಕಾಗಿದೆ, ಇಷ್ಟು ಸಾಕು. ಮೊದಲ ಕಂತಿಗೆ ಬೇಕಾದ ವಿವರ ಬರೆದುಕೊಡಲು ನಾನು ಸಿದ್ಧ.

– ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ತೀರ್ಥಹಳ್ಳಿ